ಎಂಟನೆಯದು

ಪೆನ್ನು ಸಿಕ್ಕಿತಾ, ಜೊನೆಲ್? ಬರಕೋ.
ಎರಡು ಹಗಲು, ಒಂದು ರಾತ್ರಿ ಅಂದರೆ
ಸವಾನಾದಲ್ಲಿ ಅದು ಕೈ ತೊಳೆಯೋಕೂ ಸಾಲದು.
ನಿನ್ನ ಪಟ್ಟಿ ನೋಡಿದೆ. ಹದಿನೇಳು ಜಾಗ!
ಹದಿಮೂರು ಹೊಡೆದುಹಾಕು.
ಕಾಲು ನಿಮ್ಮದಿರಬಹುದು, ಬಿಸಿಲು ಜಾರ್ಜಿಯಾದ್ದು.

ಶನಿವಾರ ಬೆಳಿಗ್ಗೆ ಮೊದಲು ಹೊಟ್ಟೆ.
ಸಾಲು ಹಚ್ಚಿದ ಕಡೆ ಹೋಗಬೇಡಿ,
ಆ ಸಾಲಲ್ಲಿ ನಿಂತವರೆಲ್ಲ
ಸಾಲು ನೋಡಿ ನಿಂತವರು.
ಟೈರ್ ಅಂಗಡಿಯ ಮಗ್ಗುಲಿಗೆ ಹಸಿರು ತಗಡಿನ ಬಾಗಿಲು,
ಬೋರ್ಡಿಲ್ಲ, ತಳ್ಳಿದರೆ ಕಿರುಗುಟ್ಟುತ್ತೆ.
ಸೀಗಡಿ ಅವತ್ತಿನದೇ, ಥಂಡರ್‌ಬೋಲ್ಟಿನ ದೋಣಿಯದು.
ಗ್ರಿಟ್ಸ್ ಅಂದರೇನು ಅಂತ ಸೋರೆನ್ ಕೇಳೇ ಕೇಳ್ತಾನೆ.
ಮೆಕ್ಕೆಜೋಳದ ನುಚ್ಚು ಅನ್ನು.
ಸಕ್ಕರೆಗೆ ಕೈ ಚಾಚಿದನೋ,
ಆ ಕೈಮೇಲೆ ಒಂದು ಏಟು, ನನ್ನ ಲೆಕ್ಕಕ್ಕೆ.

ಆಮೇಲೆ ಚೌಕಗಳು. ಇಪ್ಪತ್ತೆರಡಿವೆ, ಎಣಿಸಬೇಡಿ.
ಯಾವುದಾದರೂ ಒಂದರಲ್ಲಿ ಕೂತುಬಿಡಿ, ಓಕ್ ಮರದ ಬುಡಕ್ಕೆ.
ಕೊಂಬೆಯಿಂದ ಇಳಿಬಿದ್ದ ಆ ಬೂದು ಜಡೆ ಇದೆಯಲ್ಲ,
ಫೋಟೋಕ್ಕೆ ಅಂತ ತಲೆ ಮೇಲೆ ಹಾಕ್ಕೋಬೇಡಿ.
ಹುಳ ಇರ್ತಾವೆ.
ಮದುವೆಯಾಗಿ ತಿಂಗಳಾಗಿಲ್ಲ, ಇಬ್ಬರೂ
ಎದುರುಬದುರು ಕೆರಕೊಂಡು ಕೂತರೆ ಚೆನ್ನಾಗಿರಲ್ಲ.

ಸಂಜೆ ಆರಕ್ಕೆ ದೆವ್ವದ ಟ್ರಾಲಿ ಹತ್ತಿ.
ನಗಬೇಡ. ಹತ್ತೊಂಬತ್ತು ವರ್ಷ ಓಡಿಸಿದವಳು ಹೇಳ್ತಿದೀನಿ.
ಎಡಗಡೆ ಸೀಟು ಹಿಡಿ, ಹಿಂದಿನಿಂದ ಎರಡನೆಯದು.
ಕಂಪನಿಯವರು ಕೊಟ್ಟ ಹಾಳೆಯಲ್ಲಿ ಏಳು ದೆವ್ವ ಇದ್ದವು:
ಹಡಗಿನ ಕಪ್ತಾನ, ಕಾಲರಾದಲ್ಲಿ ಹೋದ ಅವಳಿ ಮಕ್ಕಳು,
ಇನ್ನೂ ಯಾರ್ಯಾರೋ.
ಎಂಟನೆಯದು ನನ್ನದು.

ನದಿಗೆ ಇಳಿಯುವ ಮುಂಚೆ ಒಂದು ಇಟ್ಟಿಗೆ ಹೋಟೆಲು,
ಮೂರನೇ ಮಹಡಿ, ಮೂಲೆಯ ಕಿಟಕಿ.
ಅಲ್ಲಿ ನಿನ್ನಜ್ಜಿ ಯೂಲಾ ಇಪ್ಪತ್ತಾರು ವರ್ಷ
ಕಂಡೋರ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕಿದಳು.
ಏಣಿಮೆಟ್ಟಿಲು ಹಿತ್ತಿಲ ಕಡೆಯಿಂದ. ಮುಂಬಾಗಿಲ ಹಿತ್ತಾಳೆ ಹಿಡಿ
ಹೊಳೆಯೋದನ್ನ ಬೀದಿಯಿಂದಲೇ ನೋಡಿದವಳು.
ಬೀದಿಯವರು ಅವಳನ್ನ ನೋಡಿದ್ದಿಲ್ಲ,
ಅಷ್ಟು ಮೇಲಕ್ಕೆ ಯಾರು ಕತ್ತೆತ್ತುತ್ತಾರೆ?
ಒಂದು ದಿನ ಸಿಗ್ನಲ್ಲು ಕೆಂಪಿತ್ತು, ಮೈಕು ಕೈಲಿತ್ತು,
ಬಾಯಿಗೆ ಬಂದುಬಿಟ್ಟಿತು:
ಅಗೋ ಅಲ್ಲಿ, ಮಹನೀಯರೇ, ನೀಲಿ ತಲೆವಸ್ತ್ರದ ಹೆಂಗಸು,
ಹೆಸರು ಯೂಲಾ.
ಇಡೀ ಬಸ್ಸು ಕತ್ತೆತ್ತಿತು, ಜೊನೆಲ್.
ಒಬ್ಬ ಮುದುಕ ಟೋಪಿ ತೆಗೆದ.
ಸೆಕೆಗೇ ಇರಬಹುದು.

ಈಗ ಓಡಿಸೋ ಹುಡುಗ ಅವಳ ಕೈಗೆ ಮೋಂಬತ್ತಿ ಕೊಟ್ಟಿದಾನಂತೆ,
ನಾವಿಕನೊಬ್ಬ ಕೈಕೊಟ್ಟ ಅಂತ ಕತೆ ಬೇರೆ ಕಟ್ಟಿದಾನಂತೆ.
ನಾವಿಕನೂ ಇಲ್ಲ, ಎಂಥದೂ ಇಲ್ಲ,
ಅವಳಿಗಿದ್ದದ್ದು ಸೊಂಟನೋವು.
ಇರಲಿ ಬಿಡು. ಹೆಸರು ಮಾತ್ರ ತಪ್ಪು ಹೇಳಲ್ಲ,
ದಿನಕ್ಕೆ ನಾಲ್ಕು ಸಲ, ಭಾನುವಾರ ಐದು.
ಸುಳ್ಳು ಅಂತ ಸೋರೆನ್‌ಗೆ ಹೇಳ್ತೀಯೋ ಇಲ್ಲವೋ
ನಿನಗೆ ಬಿಟ್ಟದ್ದು. ನೀನು ಮಾತ್ರ ನೋಡು.
ಮಿಲ್ವಾಕಿಯಲ್ಲಿ ಹುಟ್ಟಿದವಳು, ಅವಳ ಮುಖ ಕಂಡಿಲ್ಲ.
ನಾನೂ ಆ ಕಿಟಕಿಯಲ್ಲಿ ಕಂಡಿಲ್ಲ, ಹತ್ತೊಂಬತ್ತು ವರ್ಷ,
ನನ್ನ ಕಣ್ಣು ಸಿಗ್ನಲ್ಲಿನ ಮೇಲಿರಬೇಕಿತ್ತಲ್ಲ.

ಎಂಟಕ್ಕೆ ಊಟ. ಅದೇ ಹೋಟೆಲು, ಮೂರು ಜನಕ್ಕೆ ಮೇಜು.
ದುಬಾರಿ ಹೌದು, ಬಾಯಿ ಮುಚ್ಚು, ನಾನು ಕೊಡ್ತೀನಿ.
ಸೋರೆನ್‌ಗೆ ಕೋಟು ಹಾಕಿಸು.
ಮುಂಬಾಗಿಲಿಂದ ಬನ್ನಿ. ನಾನು ಮೊದಲೇ ಬಂದಿರ್ತೀನಿ,
ಮೇಜಿನ ಬಟ್ಟೆಯ ಅಂಚು ನೋಡಬೇಕು,
ಈಗಿನವರು ಹೆಂಗೆ ಇಸ್ತ್ರಿ ಹಾಕ್ತಾರೋ ಏನೋ.

ಭಾನುವಾರದ್ದಾ? ಟೈಬಿ, ಕಡಲು,
ಆಮೇಲೆ ಪೀಚ್ ಹಣ್ಣಿನ... ತಡಿ ತಡಿ,
ಒಲೆ ಮೇಲೆ ಕೆಂಪನ್ನ ತಳ ಹಿಡಿದ ವಾಸನೆ,
ನಾಳೆ ಮಾಡು ಫೋನು.